ಹಾಸ್ಟೆಲ್ ಮಂಚ ಯಾರಪ್ಪನ ಆಸ್ತಿ?

ಮೊನ್ನೆ ನಮ್ಮೂರ ಕಡೆಯ ಹುಡುಗನೊಬ್ಬ ಫೋನ್ ಮಾಡಿದ್ದ. ಬೆಂಗಳೂರಲ್ಲಿ ಇಂಜಿನಿಯರಿಂಗ್ ಸೀಟು ಸಿಕ್ಕಿದೆ, ಆದರೆ ಸರ್ಕಾರಿ ಹಾಸ್ಟೆಲ್ ಪಟ್ಟಿಯಲ್ಲಿ ಹೆಸರು ಬಂದಿಲ್ಲ. "ಆದ್ರೂ ಜಾಗ ಸಿಕ್ತಣ್ಣ. ಅದೇ ಹಾಸ್ಟೆಲ್‌ನಲ್ಲಿ ಸೀನಿಯರ್ ಒಬ್ರು ಅವ್ರ ಮಂಚ ಕೊಡ್ತಾರಂತೆ, ತಿಂಗಳಿಗೆ ಎರಡೂವರೆ ಸಾವಿರ" ಅಂದ. ಅವನ ದನಿಯಲ್ಲಿ ಖುಷಿ. ನನಗೆ ಮೈ ಉರೀತು.

ಆ ಸೀನಿಯರ್ ಓದು ಮುಗಿಸಿ ಕೆಲಸಕ್ಕೆ ಸೇರಿದ್ದಾನೆ, ಕಂಪನಿ ಹತ್ತಿರ ಪಿ.ಜಿ.ಯಲ್ಲಿದ್ದಾನೆ. ಹಾಸ್ಟೆಲ್ ಸೀಟು ಉಳಿಯಲಿ ಅಂತ ಯಾವುದೋ ಕೋರ್ಸಿಗೆ ಹೆಸರು ಹಚ್ಚಿದ್ದಾನೆ. ಕೇಳಿದರೆ, "ಸಹಾಯ ತಾನೇ ಮಾಡ್ತಿರೋದು? ಹೊರಗೆ ಪಿ.ಜಿ.ಯಲ್ಲಿ ಇದರ ಮೂರು ಪಟ್ಟು ಕೇಳ್ತಾರೆ" ಅಂತಾನೆ.

ಗುರುವೇ, ಆ ಮಂಚ ನಿನಗೆ ಬಿಟ್ಟಿ ಬಂದಿದ್ದು. ಅಪ್ಪನ ಆದಾಯ ಪ್ರಮಾಣಪತ್ರ, ನಿನ್ನ ಅಂಕಪಟ್ಟಿ ನೋಡಿ ಊಟದ ಸಮೇತ ಕೊಟ್ಟಿದ್ದು. ನೀನು ಖಾಲಿ ಮಾಡಿದ್ರೆ ಪಟ್ಟಿಯಲ್ಲಿ ಮುಂದಿನ ಹೆಸರಿನವನಿಗೂ ಬಿಟ್ಟಿಯಾಗೇ ಸಿಗುತ್ತೆ. ಬಿಟ್ಟಿ ಸಿಗಬೇಕಾದ್ದನ್ನ ತಡೆಹಿಡಿದು ಮಾರೋದಕ್ಕೆ ಸಹಾಯ ಅನ್ನಲ್ಲ.

ನಾನೂ ಮೊದಲ ವರ್ಷ ಹೀಗೇ ಒಬ್ಬನಿಗೆ ತಿಂಗಳಿಗೆ ಐನೂರು ಕೊಟ್ಟು ಇದ್ದವನು. ನಮ್ಮನ್ನ 'ಗೆಸ್ಟ್' ಅಂತಿದ್ರು. ದುಡ್ಡು ಕೊಟ್ಟು ಕದ್ದು ಮಲಗೋ ಗೆಸ್ಟ್! ರಾತ್ರಿ ವಾರ್ಡನ್ ಚೆಕಿಂಗ್‌ಗೆ ಬಂದ್ರೆ ಡ್ರಾಯಿಂಗ್ ಬೋರ್ಡ್ ಸಮೇತ ಟೆರೇಸಿಗೆ ಓಡಿ, ನೀರಿನ ಟ್ಯಾಂಕ್ ಹಿಂದೆ ಕೂರಬೇಕು. ಜ್ವರ ಬಂದ್ರೂ ಯಾರಿಗೂ ಹೇಳಂಗಿಲ್ಲ. ನನ್ನ ಟ್ರಂಕು ಕಳುವಾದಾಗ ದೂರು ಕೊಡೋಕೆ ಹೋದೆ. "ನೀನ್ಯಾರು?" ಅಂದ್ರು. ರಿಜಿಸ್ಟರಿನಲ್ಲಿ ಹೆಸರಿಲ್ಲದವನು ಏನಂತ ಉತ್ತರ ಕೊಡ್ಬೇಕು?

ಇನ್ನೊಂದನ್ನೂ ಹೇಳಿಬಿಡ್ತೀನಿ. ಎರಡನೇ ವರ್ಷ ನನಗೂ ಸೀಟು ಸಿಕ್ತು. ಓದು ಮುಗಿದು ಕೆಲಸ ಸಿಕ್ಕಿದ ಮೇಲೆ ಮೂರು ತಿಂಗಳು ಆ ಮಂಚವನ್ನ ನಾನೂ ಬಾಡಿಗೆಗೆ ಬಿಟ್ಟೆ. ಮೊದಲ ದಿನ ಆಫೀಸಿಗೆ ಹಾಕ್ಕೊಂಡು ಹೋದ ಶೂ ಇನ್ನೊಬ್ಬ ಹಳ್ಳಿ ಹುಡುಗನ ದುಡ್ಡಿಂದು.

ಹಿಂದಿನ ತಲೆಮಾರಿನ ಎಷ್ಟೋ ಜನ ವಾರಾನ್ನ ಉಂಡು ಓದಿದವರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಆ ಬಾಗಿಲು ಎಲ್ಲ ಜಾತಿಗೂ ತೆರೀತಿರಲಿಲ್ಲ. ಹೊರಗೇ ಉಳಿದ ಮಕ್ಕಳಿಗೂ ಓದೋಕೆ ನೆಲೆ ಸಿಗಲಿ ಅಂತ ಸಂಘಗಳು, ಮಠಗಳು, ಸರ್ಕಾರ ಹಾಸ್ಟೆಲ್ ಕಟ್ಟಿದ್ದು. ಸಿದ್ಧಗಂಗೆಯಲ್ಲಿ ಇವತ್ತಿಗೂ ಸಾವಿರಾರು ಮಕ್ಕಳು ಕಾಸು ಕೊಡದೆ ಉಂಡು ಓದ್ತಾರೆ. ಅಂಥ ಅನ್ನ ಉಂಡು ಮೇಲೆ ಬಂದ ನಾವು ಆ ತಟ್ಟೆಯನ್ನೇ ಬಾಡಿಗೆಗಿಟ್ಟಿದೀವಿ.

ಹಾಸ್ಟೆಲ್ ಸಾಲದು, ಹೆಚ್ಚು ಕಟ್ಟಿಸೋದು ಸರ್ಕಾರದ ಕೆಲಸ ಅಂತೀರಾ? ಒಪ್ಪಿದೆ. ಆದ್ರೆ ಬರಗಾಲದಲ್ಲಿ ರೇಷನ್ ಅಕ್ಕಿ ಬ್ಲಾಕಲ್ಲಿ ಮಾರೋನೂ ಮಳೆ ಕಡೆಗೇ ಬೆರಳು ತೋರಿಸ್ತಾನೆ.

ಹಾಸ್ಟೆಲ್ ಮುಖ ನೋಡದವರೂ ನಗಬೇಡಿ. 11 ತಿಂಗಳ ಅಗ್ರಿಮೆಂಟನ್ನ ತಮ್ಮೊಬ್ಬರ ಹೆಸರಲ್ಲೇ ಮಾಡಿಸ್ಕೊಂಡು, ಹಾಲಲ್ಲಿ ಚಾಪೆ ಹಾಸೋ ಸ್ಟೂಡೆಂಟ್ ಹತ್ರ ಅರ್ಧಕ್ಕಿಂತ ಹೆಚ್ಚು ಬಾಡಿಗೆ ಕೀಳೋರು ನಮ್ಮಲ್ಲೇ ಇದ್ದಾರೆ. ಅವನು ಖಾಲಿ ಮಾಡುವಾಗ 'ಪೇಂಟಿಂಗ್' ಅಂತ ಅಡ್ವಾನ್ಸ್ ಮುರ್ಕೊಳ್ಳೋರೂ ಇವರೇ.

ಮೊದಲ ಸಂಬಳ ಬಂದ ದಿನ ಸ್ವೀಟ್ ಹಂಚ್ತೀರಲ್ಲ, ಅವತ್ತೇ ವಾರ್ಡನ್ ಕೈಗೆ ಬೀಗದ ಕೈ ಕೊಡಿ. ಫ್ಲ್ಯಾಟಾದರೆ ಓನರ್‌ಗೆ ಹೇಳಿ, ಹುಡುಗನ ಹೆಸರು ಬರೆಸಿ, ಅವನ ಪಾಲಿನಷ್ಟೇ ತಗೊಂಡು ರಸೀದಿ ಕೊಡಿ.

ಆ ಹುಡುಗನಿಗೆ ದುಡ್ಡು ಕೊಡಬೇಡ ಅಂದೆ. ಸೀಟು ಸಿಗೋವರೆಗೆ ನಮ್ಮನೇಲಿದ್ದಾನೆ. ಓನರ್‌ಗೂ ಹೇಳಿದೀನಿ. ಬಾಡಿಗೆ ಎಷ್ಟಣ್ಣ ಅಂತ ಕೇಳಿದ. ಮೂರು ತಿಂಗಳದ್ದು ನಾನೇ ಬಾಕಿ ಇದೀನಿ ಅಂದೆ. ಅವನಿಗೆ ಅರ್ಥ ಆಗ್ಲಿಲ್ಲ.