ಮೊಬೈಲಿನ ಗಾಜು ಮತ್ತು ವಿಕಿರಣದ ಲೆಕ್ಕ

ಕಳೆದ ತಿಂಗಳು ವಾಳೆಯೊಂದರ ಸಭೆ ಮುಗಿದ ಮೇಲೆ ಹಿರಿಯರೊಬ್ಬರು ತಮ್ಮ ಮೊಬೈಲನ್ನು ನನ್ನ ಮುಂದೆ ಹಿಡಿದರು. "ಫಾದರ್, ಇದರ ಗಾಜಿನಿಂದ ವಿಕಿರಣ ಅಳೆಯಬಹುದಂತೆ. ಹಾಗಾದರೆ ನಮ್ಮ ತೋಟದ ಬದಿಯ ಟವರಿನಿಂದ ಎಷ್ಟು ಬರುತ್ತದೆಂದು ನೋಡಿಸಬಹುದಲ್ಲ?" ಅವರ ಮೊದಲ ಮಾತು ಸರಿ, ಎರಡನೆಯದು ತಪ್ಪು. ನಮ್ಮಲ್ಲಿ ಬಹಳ ಮಂದಿ ಇವೆರಡನ್ನೂ ಒಂದೇ ಎಂದು ತಿಳಿದಿರುವುದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಮಳೆಮಾಪಕ ಇಲ್ಲದವನ ಅಂಗಳದಲ್ಲಿಯೂ ಮಳೆ ಬಿಟ್ಟ ಮೇಲೆ ಯಾವುದೋ ಗೆರಟೆಯಲ್ಲಿ ನೀರು ನಿಂತಿರುತ್ತದೆ. ಅದನ್ನು ನೋಡಿ ರಾತ್ರಿ ಎಷ್ಟು ಹೊಯ್ದಿತೆಂದು ಅಂದಾಜು ಮಾಡಬಹುದು. ಗಾಜಿನ ಸಂಗತಿಯೂ ಹೀಗೆಯೇ. ಎಕ್ಸ್‌ರೇ ಅಥವಾ ಗಾಮಾ ಕಿರಣಗಳು ಗಾಜಿನೊಳಗೆ ಹಾದುಹೋಗುವಾಗ ಪರಮಾಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತುಹಾಕುತ್ತವೆ. ಅವುಗಳಲ್ಲಿ ಕೆಲವು ಗಾಜಿನೊಳಗಿನ ಸೂಕ್ಷ್ಮ ದೋಷಗಳಲ್ಲಿ ಸಿಕ್ಕಿಕೊಂಡು ಅಲ್ಲೇ ಉಳಿಯುತ್ತವೆ. ಪ್ರಯೋಗಾಲಯದ ಕತ್ತಲಲ್ಲಿ ಗಾಜಿನ ಚೂರನ್ನು ಕೆಲವು ನೂರು ಡಿಗ್ರಿಗೆ ಕಾಯಿಸಿದರೆ ಅವು ಬಿಡುಗಡೆಯಾಗಿ ಅತಿ ಮಂದವಾದ ಬೆಳಕು ಹೊಮ್ಮುತ್ತದೆ. ಬೆಳಕು ಹೆಚ್ಚಾದಷ್ಟೂ ಬಿದ್ದ ವಿಕಿರಣ ಹೆಚ್ಚು. ಆಮೇಲೆ ಗೊತ್ತಿರುವ ಪ್ರಮಾಣದ ವಿಕಿರಣವನ್ನು ಅದೇ ಚೂರಿಗೆ ಕೊಟ್ಟು ಹೋಲಿಸುತ್ತಾರೆ. 1945ರಲ್ಲಿ ಹಿರೋಶಿಮಾ, ನಾಗಸಾಕಿಗಳ ಮೇಲೆ ಬಿದ್ದ ಬಾಂಬಿನ ಗಾಮಾ ಕಿರಣಗಳನ್ನು ವರ್ಷಗಳ ನಂತರ ಮನೆಗಳ ಹೆಂಚು, ಇಟ್ಟಿಗೆಗಳಿಂದ ಅಳೆದದ್ದೂ ಹೀಗೆಯೇ.

ಟವರಿನ ಅಲೆಗಳು ಬೇರೆ ಜಾತಿಯವು. ಪರಮಾಣುವಿನಿಂದ ಎಲೆಕ್ಟ್ರಾನನ್ನು ಕೀಳುವ ಶಕ್ತಿ ರೇಡಿಯೋ ಅಲೆಗಿಲ್ಲ. ಆದ್ದರಿಂದ ಟವರಿನ ಕೆಳಗೆ ಹತ್ತು ವರ್ಷ ಇಟ್ಟ ಮೊಬೈಲಿನ ಗಾಜಿನಲ್ಲಿಯೂ ಅದರ ಗುರುತು ಇರುವುದಿಲ್ಲ. ಮೊಬೈಲಿನ ಬೆನ್ನಿಗೆ ಅಂಟಿಸುವ 'ವಿಕಿರಣ ತಡೆ' ಚೀಟಿಗಳಿಗೆ ನೂರಾರು ರೂಪಾಯಿ ಕೊಟ್ಟವರು ನಮ್ಮಲ್ಲಿಯೂ ಇದ್ದಾರೆ. ಆ ಹಣದಲ್ಲಿ ತೋಟಕ್ಕೆ ಗೊಬ್ಬರ ಹಾಕಬಹುದಿತ್ತು.

ಗಾಜಿನ ಸಾಕ್ಷಿಗೂ ಮಿತಿಯಿದೆ. ಗೆರಟೆಯ ನೀರು ಆರುವಂತೆ ಗಾಜಿನ ಗುರುತೂ ದಿನ ಕಳೆದಂತೆ ಮಾಸುತ್ತದೆ. ವಿಕಿರಣವೇ ಬೀಳದ ಗಾಜೂ ಸ್ವಲ್ಪ ಬೆಳಕು ತೋರಿಸುತ್ತದೆ. ಆದ್ದರಿಂದ ಸಣ್ಣ ಪ್ರಮಾಣ ಇದರಲ್ಲಿ ಕಾಣಿಸುವುದಿಲ್ಲ. ಒಂದು ಗ್ರೇ ಮೀರಿದರೆ ವಾಂತಿ, ನಿತ್ರಾಣ ಶುರುವಾಗಬಹುದು. ನಾಲ್ಕು ಗ್ರೇಯ ಆಸುಪಾಸಿನಲ್ಲಿ ಚಿಕಿತ್ಸೆ ಸಿಗದಿದ್ದರೆ ಅರ್ಧದಷ್ಟು ಮಂದಿ ಸಾಯುತ್ತಾರೆ. ಎದೆಯ ಎಕ್ಸ್‌ರೇಯಲ್ಲಿ ಸಿಗುವುದು ಒಂದು ಗ್ರೇಯ ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟು ಮಾತ್ರ. ಗಾಜು ನೆರವಾಗುವುದು ದೊಡ್ಡ ಅವಘಡದಲ್ಲಿ. ಅದಕ್ಕೂ ಮೊಬೈಲನ್ನು ಬಿಚ್ಚಿ ಗಾಜು ಒಡೆಯಬೇಕು. ಅಲ್ಲದೆ ಅದು ಹೇಳುವುದು ಮೊಬೈಲಿಗೆ ತಗಲಿದ್ದನ್ನು. ಮೊಬೈಲನ್ನು ಶೆಡ್ಡಿನಲ್ಲಿಟ್ಟು ಅಡಿಕೆ ಕೊಯ್ಯಲು ಹೋದವನ ಲೆಕ್ಕ ಅದರಲ್ಲಿ ಸಿಗದು.

ಹಾಗಾದರೆ ಇದು ಯಾತಕ್ಕೆ ಬೇಕು? 1987ರಲ್ಲಿ ಬ್ರೆಜಿಲ್ ದೇಶದ ಗೋಯಾನಿಯಾದಲ್ಲಿ ಪಾಳುಬಿದ್ದ ಚಿಕಿತ್ಸಾಲಯದ ಯಂತ್ರವೊಂದು ಗುಜರಿ ಅಂಗಡಿ ಸೇರಿತು. ಒಳಗಿದ್ದ ಸೀಸಿಯಂ ಪುಡಿ ನೀಲಿಯಾಗಿ ಹೊಳೆಯುತ್ತದೆಂದು ಮನೆಮನೆಗೆ ಹಂಚಿದರು. ನಾಲ್ವರು ಸತ್ತರು, ಅವರಲ್ಲಿ ಆರು ವರ್ಷದ ಹುಡುಗಿಯೊಬ್ಬಳಿದ್ದಳು. ಭಯದಿಂದ ಪರೀಕ್ಷೆಗೆ ಬಂದವರು 1,12,000ಕ್ಕೂ ಹೆಚ್ಚು; ಸೀಸಿಯಂ ಅಂಟಿದ್ದು 249 ಮಂದಿಗೆ. ಅಂತಹ ಜಾತ್ರೆಯಲ್ಲಿ ಯಾರನ್ನು ಇವತ್ತೇ ಆಸ್ಪತ್ರೆಗೆ ಸೇರಿಸಬೇಕು, ಯಾರನ್ನು ಧೈರ್ಯ ಹೇಳಿ ಮನೆಗೆ ಕಳುಹಿಸಬೇಕು ಎಂದು ಆರಿಸಲು ಜೇಬಿನಲ್ಲಿರುವ ಗಾಜು ನೆರವಾಗಬಲ್ಲದು. (ಆ ಹುಡುಗಿಯ ಕೈಗಂಟಿದ ಪುಡಿ ತಿಂಡಿಯೊಂದಿಗೆ ಹೊಟ್ಟೆಗೂ ಹೋಗಿತ್ತು, ಒಳಗೆ ಹೋದದ್ದನ್ನು ಗಾಜು ಅಳೆಯುವುದಿಲ್ಲ.) ನಮ್ಮ ದೇಶದಲ್ಲಿಯೂ 2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿ ಮಾರುಕಟ್ಟೆಗೆ ಕೋಬಾಲ್ಟ್ ಇದ್ದ ಹಳೆಯ ಯಂತ್ರ ಬಂದು ಒಬ್ಬ ಕಾರ್ಮಿಕ ಸತ್ತ. ಹಳೆಯ ಪಂಪು, ಕಬ್ಬಿಣ ಮಾರಲು ಹೋದಲ್ಲಿ ಹಳದಿ ಹಿನ್ನೆಲೆಯ ಮೂರು ರೆಕ್ಕೆಯ ಗುರುತು ಕಂಡರೆ, ಅಥವಾ ಗಾತ್ರಕ್ಕೆ ಮೀರಿ ಭಾರವಾದ ಸೀಸದ ಡಬ್ಬಿ ಕಂಡರೆ, ಮುಟ್ಟದೆ ದೂರ ಸರಿದು ಪೊಲೀಸರಿಗೆ ತಿಳಿಸಬೇಕು.

ನನ್ನ ಅಭಿಪ್ರಾಯದಲ್ಲಿ ಇಂತಹ ಅಳತೆಯ ಏರ್ಪಾಡು ಅವಘಡಕ್ಕೆ ಮುಂಚೆಯೇ ಆಗಿರಬೇಕು. ಯಾರ ಮೊಬೈಲು ಒಡೆಯುವುದು, ಬದಲಿ ಕೊಡುವವರು ಯಾರು, ಚೂರನ್ನು ಎಲ್ಲಿಗೆ ಕಳುಹಿಸುವುದು ಎಂದು ಆಮೇಲೆ ಚರ್ಚಿಸುತ್ತಾ ಕುಳಿತರೆ ಗುರುತು ಮಾಸಿಹೋಗುತ್ತದೆ. ಕಾಸರಗೋಡಿನವರಾದ ನಮಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. 1970ರ ದಶಕದಿಂದ 2000ದವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ಅದು ವಿಕಿರಣವಲ್ಲ, ವಿಷ; ಆದರೆ ಪ್ರಶ್ನೆ ಅದೇ: ಯಾರ ಮೈಮೇಲೆ, ಯಾರ ಬಾವಿಗೆ ಎಷ್ಟು ಬಿತ್ತು? ರಕ್ತ, ನೀರುಗಳ ಪರೀಕ್ಷೆ ನಡೆಯುವಷ್ಟರಲ್ಲಿ ಆಗ ಹುಟ್ಟಿದ ಮಕ್ಕಳು ದೊಡ್ಡವರಾಗಿದ್ದರು. ಸುಪ್ರೀಂ ಕೋರ್ಟು ಅದನ್ನು ತಡೆದದ್ದು 2011ರಲ್ಲಿ. ಸಂತ್ರಸ್ತರ ಪಟ್ಟಿಗೆ ಯಾರು ಸೇರಬೇಕು, ಯಾರು ಸೇರಬಾರದು ಎಂಬ ತಕರಾರು ಅದರ ನಂತರವೂ ನಡೆಯಿತು. ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಶಿಬಿರದಿಂದ ಶಿಬಿರಕ್ಕೆ ಅಲೆದರು. ಅವರ ಕೈಯಲ್ಲಿ ತೋರಿಸಲು ಅಳತೆಯ ಒಂದು ಚೀಟಿಯೂ ಇರಲಿಲ್ಲ.