ಊದುಗೊಳವೆ ಇಲ್ಲದ ಒಲೆ

ನಮ್ಮ ಅಕ್ಕನ ಮಗ ಅಮೆರಿಕೆಯಲ್ಲಿ ಕೆಲಸದಲ್ಲಿದ್ದಾನೆ. ಹೋದ ಸಲ ರಜೆಗೆ ಬಂದವನು ನಮ್ಮಲ್ಲಿ ಎರಡು ದಿನ ತಂಗಿದ್ದ. ಅಲ್ಲಿ ಹಳೆಯದೊಂದು ಮಾಜ್ಡಾ ಎಂ.ಎಕ್ಸ್.-5 ಕಾರು ಕೊಂಡಿದ್ದಾನಂತೆ. ಇಬ್ಬರೇ ಕೂರುವ, ಮಾಡು ಮಡಿಸುವ ಪುಟ್ಟ ಗಾಡಿ. ಕಾಫಿಯ ಲೋಟ ಕೆಳಗಿಡುವ ಮೊದಲೇ, “ಮಾವ, ಗಾಡಿ ಬಲು ಚೆಂದ, ಶಕ್ತಿ ಮಾತ್ರ ಸಾಲದು. ಟರ್ಬೊ ಹಾಕಿಸದೆ ಹೆಚ್ಚಿಸಬೇಕು, ಇಂಜಿನು ಕೆಡಲೂ ಬಾರದು” ಎಂದ. ನಾವು ಬಸ್ಸಿನಲ್ಲಿ ಓಡಾಡುವ ಜನ. ಆದರೂ ಯಂತ್ರಗಳ ಪುಸ್ತಕ ಓದುವ ಚಟ ಹಳೆಯದು. ಆ ಎರಡು ರಾತ್ರಿಯ ಚರ್ಚೆಯ ಸಾರವನ್ನು ಓದುಗರ ಮುಂದಿಡುತ್ತೇವೆ.

ಇಂಜಿನು ಎಂದರೆ ಒಂದು ಒಲೆ. ಪೆಟ್ರೋಲು ಸುರಿಯುವುದು ಸುಲಭ. ಅದು ಉರಿಯಲು ಗಾಳಿ ಬೇಕಲ್ಲ? ಟರ್ಬೊ ಎಂಬುದು ಊದುಗೊಳವೆ. ಗಾಳಿಯನ್ನು ಬಲವಂತವಾಗಿ ತುಂಬುತ್ತದೆ. ಅದಿಲ್ಲದ ಇಂಜಿನು ತನ್ನ ಉಸಿರನ್ನು ತಾನೇ ಎಳೆದುಕೊಳ್ಳಬೇಕು. 2 ಲೀಟರಿನ ಇಂಜಿನು ಎರಡು ಸುತ್ತು ಮುಗಿಸುವಷ್ಟರಲ್ಲಿ ಸುಮಾರು 2 ಲೀಟರು ಗಾಳಿ ಸೇವಿಸುತ್ತದೆ. ನಿಮಿಷಕ್ಕೆ 6000 ಸುತ್ತಾದರೆ 6000 ಲೀಟರು! ಇಂಜಿನಿನ ಗಾತ್ರ ಹಿಗ್ಗಿಸದೆ ಶಕ್ತಿ ಹೆಚ್ಚಿಸಲು ಮೂರು ದಾರಿಗಳು.

ಮೊದಲನೆಯದು, ಪ್ರತಿಯೊಂದು ಉಸಿರನ್ನೂ ತುಂಬಿಕೊಳ್ಳುವಂತೆ ಮಾಡುವುದು. ಗಾಳಿ ಬರುವ ದಾರಿ, ಹೊಗೆ ಹೋಗುವ ದಾರಿ ಎರಡನ್ನೂ ಸಲೀಸು ಮಾಡಬೇಕು. ವಾಲ್ವು ಹೆಚ್ಚು ಹೊತ್ತು ತೆರೆದಿಡುವ ಕ್ಯಾಮು ಹಾಕಬೇಕು. ಆದರೆ ಕ್ಯಾಮು ಅತಿಯಾದರೆ ವೇಗದಲ್ಲಿ ಗಳಿಸಿದ್ದನ್ನು ನಿಧಾನದಲ್ಲಿ ಕಳೆದುಕೊಂಡಂತೆ; ಪೇಟೆಯ ಬೀದಿಯಲ್ಲಿ ಗಾಡಿ ಮುಗ್ಗರಿಸುತ್ತದೆ.

ಎರಡನೆಯದು, ಗಾಳಿ-ಇಂಧನಗಳ ಮಿಶ್ರಣವನ್ನು ಇನ್ನಷ್ಟು ಒತ್ತಿ ಉರಿಸುವುದು. ಒತ್ತಡದ ಪ್ರಮಾಣ 9ರಿಂದ 10ಕ್ಕೆ ಏರಿದರೆ ಲೆಕ್ಕದ ಪ್ರಕಾರ ದೊರೆಯುವ ಲಾಭ ಸುಮಾರು ನೂರಕ್ಕೆ ಮೂರು, ಅಷ್ಟೆ. ಮಿತಿ ಮೀರಿದರೆ ಜ್ವಾಲೆ ತಲುಪುವ ಮೊದಲೇ ಉಳಿದ ಮಿಶ್ರಣ ತಾನಾಗಿ ಸಿಡಿದು ಪಿಸ್ಟನ್ನಿಗೆ ಪೆಟ್ಟು ಕೊಡುತ್ತದೆ. ಮೇಲ್ದರ್ಜೆಯ ಪೆಟ್ರೋಲಿಲ್ಲದೆ ಈ ದಾರಿ ಹಿಡಿಯಬಾರದು.

ಮೂರನೆಯದು, ನಿಮಿಷಕ್ಕೆ ಹೆಚ್ಚು ಸಲ ಉಸಿರಾಡಿಸುವುದು. ಹುಡುಗನ ಕಣ್ಣು ಇದರ ಮೇಲೆಯೇ. ಕಂಪ್ಯೂಟರಿನಲ್ಲಿ ವೇಗದ ಮಿತಿ ಏರಿಸಿದರಾಯಿತು ಎಂಬುದು ಅವನ ಎಣಿಕೆ. ಆದರೆ ಪಿಸ್ಟನ್ನು ಮೇಲೆ ಹೋಗಿ ತಟ್ಟನೆ ತಿರುಗುವಾಗ ಕನೆಕ್ಟಿಂಗ್ ರಾಡಿನ ಮೇಲೆ ಬೀಳುವ ಎಳೆತ ವೇಗದ ವರ್ಗದಂತೆ ಏರುತ್ತದೆ. ವೇಗ ನೂರಕ್ಕೆ ಹತ್ತು ಹೆಚ್ಚಿದರೆ ಎಳೆತ ನೂರಕ್ಕೆ ಇಪ್ಪತ್ತೊಂದು ಹೆಚ್ಚಿತು!

ಇದೇ ಗಾಡಿಯ ತಯಾರಕರು ಏನು ಮಾಡಿದರು ನೋಡಿ. 2018ರಲ್ಲಿ ಅವರು ತಮ್ಮ 2 ಲೀಟರಿನ ಇಂಜಿನಿನ ಮಿತಿಯನ್ನು 6800 ಸುತ್ತಿನಿಂದ 7500ಕ್ಕೆ ಏರಿಸಿದರು. ಅಮೆರಿಕೆಯ ಮಾದರಿಯಲ್ಲಿ 155 ಇದ್ದ ಅಶ್ವಶಕ್ತಿ 181 ಆಯಿತು. ಊದುಗೊಳವೆ ಇಲ್ಲ. ಆದರೆ ಅದಕ್ಕಾಗಿ ಪ್ರತಿ ಪಿಸ್ಟನ್ನಿನಿಂದ 27 ಗ್ರಾಂ, ಪ್ರತಿ ರಾಡಿನಿಂದ 41 ಗ್ರಾಂ ತೂಕ ಇಳಿಸಿದರು. ಗಾಳಿಯ ಬಾಗಿಲನ್ನು ಹಿರಿದು ಮಾಡಿದರು. ಓಡುವವನ ಹೊರೆ ಇಳಿಸಿ, ಆಮೇಲೆ “ಓಡು” ಎಂದರು.

ಇಷ್ಟು ಹೇಳಿ, “ನಿನ್ನ ಇಂಜಿನಿನ ಎಣ್ಣೆಯ ಮಟ್ಟ ನೋಡಿ ಎಷ್ಟು ದಿನವಾಯಿತಪ್ಪ?” ಎಂದು ಕೇಳಿದೆವು. ಹುಡುಗ ತಲೆ ಕೆರೆದುಕೊಂಡ. ಮೂರು ತಿಂಗಳಾಗಿತ್ತು! ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಕ್ಕನಿಗೆ ಬೇರೆಯದೇ ಚಿಂತೆ. “ಶಕ್ತಿ ಬಂದರೆ ಬಂತು, ಹೋದರೆ ಹೋಯಿತು, ಹೆದ್ದಾರಿಯ ನಡುವೆ ಇಂಜಿನು ಒಡೆದರೆ ಇವನ ಗತಿಯೇನೋ?” ಎಂದಳು. ನಮ್ಮ ಬಳಿ ಉತ್ತರವಿರಲಿಲ್ಲ.

ಕೊನೆಗೆ ಒಂದು ಒಪ್ಪಂದವಾಯಿತು. ಮೊದಲು ಎಣ್ಣೆ, ನೀರು, ಬ್ರೇಕು ನೋಡಿಸುವುದು, ನಾಲ್ಕೂ ಸಿಲಿಂಡರುಗಳ ಒತ್ತಡ ಅಳೆಸುವುದು, ಆಮೇಲೆ ಉಳಿದದ್ದು.

ಎರಡು ತಿಂಗಳಿಗೆ ಹುಡುಗನ ಫೋನು ಬಂತು. ಒಂದು ಸಿಲಿಂಡರಿನಲ್ಲಿ ಒತ್ತಡ ತೀರ ಕಡಿಮೆಯಿತ್ತಂತೆ, ಸುಟ್ಟ ವಾಲ್ವು. ಅದನ್ನು ಬದಲಿಸಿದ ಮೇಲೆ ಗಾಡಿ ಹೊಸ ಹುಮ್ಮಸ್ಸಿನಿಂದ ಓಡುತ್ತಿದೆಯಂತೆ. “ಮಾವ, ಶಕ್ತಿ ಸಾಲದೆ ಇರಲಿಲ್ಲ, ಸೋರಿಹೋಗುತ್ತಿತ್ತು” ಎಂದ. ಹಾಗೇ ಮುಂದುವರಿಸಿದ್ದರೆ? ಅದನ್ನು ಅಕ್ಕನಿಗೆ ನಾವು ಹೇಳಲಿಲ್ಲ.

ಕ್ಯಾಮಿಗೆಂದು ಕೂಡಿಟ್ಟ ಹಣ ಹಾಗೇ ಉಳಿದಿದೆ. ಆಸೆ ಬಿಟ್ಟಿಲ್ಲವಂತೆ, ಬಿಡುವುದೂ ಬೇಡ. ಒಲೆ ಗಟ್ಟಿಯಾಗಿದ್ದರೆ ಉರಿಯನ್ನು ಯಾವಾಗ ಬೇಕಾದರೂ ಹೆಚ್ಚಿಸಬಹುದು.