ಮನೆಯ ರೂಟರಿನಲ್ಲಿ ಹಳೆಯ ದೋಷ

ದಕ್ಷಿಣ ಕೊಡಗಿನ ಹುದಿಕೇರಿಯಂಥ ಊರುಗಳಲ್ಲಿ ಗುಡುಗು ಕೇಳಿಸಿತೆಂದರೆ ಮನೆಮಂದಿ ಮೊದಲು ಟಿ.ವಿ.ಯ ಮತ್ತು ಇಂಟರ್‌ನೆಟ್ ಪೆಟ್ಟಿಗೆಯ ಪ್ಲಗ್ ಕಿತ್ತಿಡುತ್ತಾರೆ. ಸಿಡಿಲಿಗೆ ಪೆಟ್ಟಿಗೆ ಸುಟ್ಟುಹೋದೀತೆಂಬ ಭಯ ಸಕಾರಣವೇ. ಆದರೆ ಅದೇ ತಂತಿಯ ಮೂಲಕ ಬರುವ ಇನ್ನೊಂದು ಅಪಾಯವಿದೆ. ಅದಕ್ಕೆ ಸದ್ದೂ ಇಲ್ಲ, ಮಿಂಚೂ ಇಲ್ಲ.

ರೂಟರ್ ಎಂದರೇನು? ಹೊರಗಿನಿಂದ ಬಂದ ಮಾಹಿತಿಯನ್ನು ಮನೆಯ ಫೋನು, ಕಂಪ್ಯೂಟರುಗಳಿಗೆ ಹಂಚುವ ಪುಟ್ಟ ಪೆಟ್ಟಿಗೆ. ಅನೇಕ ಮನೆಗಳಲ್ಲಿ ಮೋಡೆಮ್ ಮತ್ತು ರೂಟರ್ ಒಂದೇ ಪೆಟ್ಟಿಗೆಯಲ್ಲಿರುತ್ತವೆ. ನೋಡಲು ಚಿಕ್ಕದಾದರೂ ಅದು ಪೂರ್ಣ ಕಂಪ್ಯೂಟರ್. ಅದಕ್ಕೂ ಪ್ರೊಸೆಸರ್ ಇದೆ, ಮೆಮೊರಿ ಇದೆ. ಅದನ್ನು ನಡೆಸಲು ಕಾರ್ಖಾನೆಯಲ್ಲೇ ಒಳಗೆ ತುಂಬಿ ಕಳುಹಿಸುವ ತಂತ್ರಾಂಶಕ್ಕೆ ಫರ್ಮ್‌ವೇರ್ ಎಂದು ಹೆಸರು. ತಂತ್ರಾಂಶವೆಂದ ಮೇಲೆ ಅದರಲ್ಲಿ ತಪ್ಪುಗಳೂ ಇರಬಹುದು.

ಅಂಥ ಒಂದು ತಪ್ಪು 2014ರ ಡಿಸೆಂಬರಿನಲ್ಲಿ ಜಗತ್ತಿನ ಗಮನ ಸೆಳೆಯಿತು. ಇಸ್ರೇಲಿನ ಚೆಕ್ ಪಾಯಿಂಟ್ ಸಂಸ್ಥೆಯ ತಜ್ಞರು ಇದನ್ನು ಪ್ರಕಟಿಸಿ, ‘ಮಿಸ್‌ಫಾರ್ಚೂನ್ ಕುಕೀ’ ಎಂದು ಹೆಸರಿಟ್ಟರು. ದೋಷವಿದ್ದದ್ದು ‘ರಾಮ್‌ಪೇಜರ್’ ಎಂಬ ಪುಟ್ಟ ತಂತ್ರಾಂಶದಲ್ಲಿ. ಹಲವು ಕಂಪನಿಗಳ ರೂಟರುಗಳ ಒಳಗೆ ಅದೇ ಕುಳಿತಿತ್ತು. 189 ದೇಶಗಳಲ್ಲಿ ಕನಿಷ್ಠ 1.2 ಕೋಟಿ ಪೆಟ್ಟಿಗೆಗಳಿಗೆ ಅಪಾಯವಿದೆಯೆಂದು ತಜ್ಞರು ಲೆಕ್ಕ ಹಾಕಿದರು.

ಇಲ್ಲಿ ಕುಕೀ ಎಂದರೆ ತಿನ್ನುವ ಬಿಸ್ಕತ್ತಲ್ಲ. ಎರಡು ಕಂಪ್ಯೂಟರುಗಳು ಪರಸ್ಪರ ಗುರುತಿಗಾಗಿ ಕೊಟ್ಟು ತೆಗೆದುಕೊಳ್ಳುವ ಪುಟ್ಟ ಚೀಟಿ. ಇಂಥ ಚೀಟಿಗಳನ್ನಿಡಲು ರಾಮ್‌ಪೇಜರ್ ತನ್ನ ಮೆಮೊರಿಯಲ್ಲಿ 10 ಗೂಡುಗಳನ್ನು ಮೀಸಲಿಟ್ಟಿತ್ತು. ಅಂಚೆ ಕಚೇರಿಯಲ್ಲಿ ಕಾಗದಗಳನ್ನು ವಿಂಗಡಿಸುವ ಗೂಡುಗಳನ್ನು ನೆನಪಿಸಿಕೊಳ್ಳಿ. ಗೂಡುಗಳ ಸಂಖ್ಯೆ 0ಯಿಂದ 9ರವರೆಗೆ. ಪ್ರತಿಯೊಂದಕ್ಕೂ 40 ಬೈಟುಗಳ ಜಾಗ. ಚೀಟಿಯ ಮೇಲೆ 3 ಎಂದಿದ್ದರೆ ಮೊದಲ ಗೂಡಿನಿಂದ 3 × 40, ಅಂದರೆ 120 ಬೈಟು ಮುಂದೆ ಹೋಗಿ ಅಲ್ಲಿ ಬರೆಯಬೇಕು. ಲೆಕ್ಕ ಸರಳ.

ಯಾರಾದರೂ ಬೇಕೆಂದೇ ಚೀಟಿಯ ಮೇಲೆ 1000 ಎಂದು ಬರೆದು ಕಳುಹಿಸಿದರೆ? ಅಷ್ಟು ಗೂಡುಗಳೇ ಇಲ್ಲ ಎಂದು ಚೀಟಿಯನ್ನು ಎಸೆಯಬೇಕಿತ್ತು. ಆದರೆ ಸಂಖ್ಯೆ 9ನ್ನು ಮೀರಿದೆಯೇ ಎಂದು ನೋಡುವ ಸಾಲನ್ನೇ ಬರೆದಿರಲಿಲ್ಲ. ಹೇಳಿದ್ದನ್ನು ಕಣ್ಣುಮುಚ್ಚಿ ಮಾಡುವ ಗುಮಾಸ್ತನಂತೆ ರೂಟರ್ 40,000 ಬೈಟು ಮುಂದೆ ನಡೆದು, ಅಲ್ಲಿದ್ದುದನ್ನು ಅಳಿಸಿ ಹೊಸದನ್ನು ಬರೆಯುತ್ತಿತ್ತು. ಕಾಗದವನ್ನು ಗೂಡಿನಲ್ಲಿಡುವ ಬದಲು ಗೋಡೆ ದಾಟಿ ಪೋಸ್ಟ್‌ಮಾಸ್ಟರರ ರಿಜಿಸ್ಟರನ್ನೇ ತಿದ್ದಿದಂತಾಯಿತು! ‘ಪಾಸ್‌ವರ್ಡ್ ಕೇಳಬೇಕು’ ಎಂಬ ಸೂಚನೆಯನ್ನು ಈ ಉಪಾಯದಿಂದ ಬದಲಿಸಿದರೆ, ಯಾವ ಪಾಸ್‌ವರ್ಡೂ ಇಲ್ಲದೆ ಹೊರಗಿನವರು ಪೆಟ್ಟಿಗೆಯ ಯಜಮಾನರಾಗಬಹುದು.

ಇದಕ್ಕಿಂತ ಬೇಸರದ ಸಂಗತಿ ಇನ್ನೊಂದಿದೆ. ದೋಷ ಹುಟ್ಟಿದ್ದು 2002ರಲ್ಲಿ. ರಾಮ್‌ಪೇಜರ್ ಬರೆದ ಅಮೆರಿಕದ ಕಂಪನಿ 2005ರಲ್ಲೇ ಅದನ್ನು ಸರಿಪಡಿಸಿತ್ತು. ಆದರೂ 2014ರಲ್ಲಿ ಹಳೆಯ ಆವೃತ್ತಿಯಿದ್ದ ಪೆಟ್ಟಿಗೆಗಳು ಹೊಸದಾಗಿ ಮಾರಾಟವಾಗುತ್ತಿದ್ದವು. ತಂತ್ರಾಂಶ ಬರೆಯುವವರು ಚಿಪ್ ಮಾಡುವವರಿಗೆ, ಅವರು ಪೆಟ್ಟಿಗೆ ಮಾಡುವವರಿಗೆ, ಅವರು ದೂರವಾಣಿ ಸಂಸ್ಥೆಗೆ, ಕೊನೆಗೆ ಆ ಸಂಸ್ಥೆ ಮನೆಗೆ ದಾಟಿಸುವ ದೀರ್ಘ ಸರಪಳಿ ಇದು. ಮದ್ದು ಮೊದಲ ಕೊಂಡಿಯಲ್ಲೇ ಉಳಿಯಿತು. ರೋಗ ಮಾತ್ರ ಮನೆ ಮುಟ್ಟಿತು.

ಕರ್ನಾಟಕಕ್ಕೆ ಇಂಥ ಪೆಟ್ಟಿಗೆಗಳ ದೌರ್ಬಲ್ಯದ ಬಿಸಿ ತಟ್ಟಿದ್ದು 2017ರ ಜುಲೈ ಕೊನೆಯಲ್ಲಿ. ಆಗ ರಾಜ್ಯವೂ ಸೇರಿದಂತೆ ದೇಶದ ಸಾವಿರಾರು ಬಿಎಸ್‌ಎನ್‌ಎಲ್ ಮೋಡೆಮ್‌ಗಳು ದುಷ್ಟ ತಂತ್ರಾಂಶವೊಂದಕ್ಕೆ ಸಿಕ್ಕಿ ಕೆಲಸ ನಿಲ್ಲಿಸಿದವು. ಅಲ್ಲಿ ಬಳಕೆಯಾದ ದಾರಿ ಬೇರೆ. ಕಾರ್ಖಾನೆಯಿಂದ ಬಂದ ‘ಅಡ್ಮಿನ್’ ಎಂಬ ಪಾಸ್‌ವರ್ಡನ್ನು ಬದಲಿಸದ ಪೆಟ್ಟಿಗೆಗಳು ಬಲಿಯಾದವು. ಪಾಸ್‌ವರ್ಡ್ ಬದಲಿಸಿರೆಂದು ಸಂಸ್ಥೆ ಗ್ರಾಹಕರಿಗೆ ತಿಳಿಸಿತು.

ಈ ಎರಡು ಘಟನೆಗಳ ವ್ಯತ್ಯಾಸವನ್ನು ಚೆನ್ನಾಗಿ ಗಮನಿಸಬೇಕು. 2017ರದು ಬೀಗ ಹಾಕದ ಬಾಗಿಲು. ಹೊಸ ಪಾಸ್‌ವರ್ಡ್ ಸಾಕು. 2014ರದು ಗೋಡೆಯಲ್ಲಿನ ಬಿರುಕು. ಎಷ್ಟು ಗಟ್ಟಿ ಬೀಗ ಹಾಕಿದರೂ ಪ್ರಯೋಜನವಿಲ್ಲ, ಫರ್ಮ್‌ವೇರನ್ನೇ ಬದಲಿಸಬೇಕು.

ರೂಟರ್ ಕೆಟ್ಟವರ ಕೈಗೆ ಸಿಕ್ಕರೆ ಏನಾದೀತು? ಇಂಟರ್‌ನೆಟ್ಟಿನಲ್ಲಿ ಯಾವ ಹೆಸರಿಗೆ ಯಾವ ವಿಳಾಸವೆಂದು ಮನೆಯ ಉಪಕರಣಗಳು ಸಾಮಾನ್ಯವಾಗಿ ರೂಟರ್ ಮೂಲಕವೇ ಕೇಳಿ ತಿಳಿಯುತ್ತವೆ. ಅದು ತಪ್ಪು ದಾರಿ ತೋರಿಸಿದರೆ ಮಕ್ಕಳು ಪರೀಕ್ಷೆಯ ಅರ್ಜಿ ತುಂಬುವ, ಹೆತ್ತವರು ಬ್ಯಾಂಕಿನ ವ್ಯವಹಾರ ಮಾಡುವ ಪುಟದ ಬದಲು ಅದರ ನಕಲು ಎದುರಾಗಬಹುದು. ಆಗ ಬ್ರೌಸರ್ ಎಚ್ಚರಿಕೆ ಕೊಟ್ಟರೆ ‘ಇರಲಿ’ ಎಂದು ಮುಂದೆ ಹೋಗಬಾರದು.

ವಿದ್ಯಾರ್ಥಿಗಳು ಕೇಳಬಹುದು: ಮಿತಿ ಮೀರಿದ್ದನ್ನು ಯಂತ್ರವೇ ತಡೆಯಲಾರದೇ? 1970ರ ದಶಕದ ಆರಂಭದಲ್ಲಿ ರೂಪುಗೊಂಡ ಸಿ ಭಾಷೆಯಲ್ಲಿ ಆ ಹೊಣೆ ಪ್ರೋಗ್ರಾಂ ಬರೆಯುವವರದು. ಫರ್ಮ್‌ವೇರ್ ಬರೆಯಲು ಇಂದಿಗೂ ಸಿ ಹೆಚ್ಚು ಬಳಕೆಯಲ್ಲಿದೆ. 2015ರಲ್ಲಿ ಮೊದಲ ಸ್ಥಿರ ಆವೃತ್ತಿ ಕಂಡ ರಸ್ಟ್‌ನಂಥ ಭಾಷೆಗಳು ಗೂಡಿನ ಸಂಖ್ಯೆಯನ್ನು ತಾವೇ ಪರೀಕ್ಷಿಸಿ, ಮಿತಿ ಮೀರಿದರೆ ಕೆಲಸ ನಿಲ್ಲಿಸುತ್ತವೆ.

ಮನೆಯಲ್ಲಿ ಮಾಡಬೇಕಾದದ್ದು ಕಷ್ಟದ್ದಲ್ಲ. ಪೆಟ್ಟಿಗೆಯ ಅಡಿಯ ಚೀಟಿಯಲ್ಲಿ ಮಾದರಿಯ ಸಂಖ್ಯೆ ಇರುತ್ತದೆ. ತಯಾರಕರ ತಾಣದಲ್ಲಿ ಅದಕ್ಕೆ ಹೊಸ ಫರ್ಮ್‌ವೇರ್ ಇದೆಯೇ ನೋಡಿ. ಸಂಪರ್ಕ ಕೊಟ್ಟವರೇ ಪೆಟ್ಟಿಗೆಯನ್ನೂ ಕೊಟ್ಟಿದ್ದರೆ ಅವರನ್ನು ಕೇಳಿ. ಹೊಸದನ್ನು ತುಂಬುವಾಗ ಕರೆಂಟು ಹೋದರೆ ಪೆಟ್ಟಿಗೆ ಕೆಲಸಕ್ಕೆ ಬಾರದಂತಾಗಬಹುದು. ಮಳೆಗಾಳಿಯ ದಿನ ಈ ಕೆಲಸ ಬೇಡ. ದೂರದಿಂದ ನಿಯಂತ್ರಿಸುವ ಸೌಲಭ್ಯ ನಿಮಗೆ ಬೇಡವಾದರೆ ಮುಚ್ಚಿಡಿ. ಕಾರ್ಖಾನೆಯ ಪಾಸ್‌ವರ್ಡ್ ಬದಲಿಸಿ. ತಯಾರಕರು ಕೈಬಿಟ್ಟ ಹಳೆಯ ಮಾದರಿಯಾದರೆ ಬೇರೆ ಕೊಳ್ಳುವುದೇ ಲೇಸು. ಹೊಸದನ್ನು ಕೊಳ್ಳುವಾಗ ಅಂಗಡಿಯಲ್ಲಿ ಬೆಲೆಯ ಜತೆಗೆ, ಎಷ್ಟು ವರ್ಷ ಫರ್ಮ್‌ವೇರ್ ತಿದ್ದುಪಡಿ ಸಿಗುತ್ತದೆಂಬ ಪ್ರಶ್ನೆಯನ್ನೂ ಕೇಳಿ.